ವೈಪರಿನ ನೀರು

ಹೋಗುವವನು ಸುಮ್ಮನೆ ಹೋಗಬಾರದೇ? ಕಾರಿನ ಆಯಿಲ್ಲು, ನೀರು ನೋಡುವುದನ್ನು ಕಲಿಸಿಯೇ ಹೋಗುತ್ತೇನೆಂದು ಹಟ ಹಿಡಿದಿದ್ದ ಗುರುನಾಥ. ಭುವನೇಶ್ವರಿಗೆ ಅದೇ ಸಿಟ್ಟು.

ಬಸವನ ಬಾಗೇವಾಡಿಯ ಆ ಓಣಿಯಲ್ಲಿ ಇಬ್ಬರದೂ ಎದುರುಬದುರು ಮನೆ. ಅವಳು ಮುದ್ದೇಬಿಹಾಳದ ಹೈಸ್ಕೂಲಿನಲ್ಲಿ ಟೀಚರ್. ಗಂಡ ಸಂಗಮೇಶ ತೀರಿಕೊಂಡ ಮೇಲೆ ಅವನ ಕಾರು ತಾಡಪತ್ರಿ ಹೊದ್ದು ನಿಂತಿತ್ತು. ಬಸ್ಸಿನಲ್ಲಿ ದಿನಾ 'ಪಾಪ' ಎನ್ನುವವರ ಮುಖ ನೋಡಿ ಸಾಕಾಗಿ ಅವಳೇ ಡ್ರೈವಿಂಗ್ ಕಲಿತಳು. ಗುರುನಾಥ ಆಲಮಟ್ಟಿಯ ಕಾಲುವೆ ಆಫೀಸಿನವನು, ಮದುವೆ ಎಂದೋ ಮುರಿದು ಒಬ್ಬನೇ ಇದ್ದ. ಒಂದು ಭಾನುವಾರ ಅವಳು ಬಾನೆಟ್ ಎತ್ತಿ ಪೆಚ್ಚಾಗಿ ನಿಂತಿದ್ದಾಗ ಓಣಿ ದಾಟಿ ಬಂದ. ಆಮೇಲೆ ಪ್ರತಿ ಭಾನುವಾರ ಬಂದ.

"ಎಂಜಿನ್ ತಣ್ಣಗಿದ್ದಾಗಷ್ಟ ನೋಡಬೇಕ್ರಿ ಟೀಚರ್, ಗಾಡಿ ಸಮಾ ಜಾಗಾದಾಗ ನಿಂತಿರಬೇಕು," ಎನ್ನುತ್ತಿದ್ದ. ಆಯಿಲ್ ಕಡ್ಡಿ ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ ತೆಗೆದು, ಎರಡು ಗೆರೆಗಳ ನಡುವೆ ಮಿನುಗುವ ಎಣ್ಣೆಯನ್ನು ಬೆಳಕಿಗೆ ಹಿಡಿಯುತ್ತಿದ್ದ. ಅವನು ಕಡ್ಡಿ ನೋಡಿದರೆ ಅವಳು ಅವನ ಕಿವಿಯ ಹಿಂದಿನ ನರೆಗೂದಲು ನೋಡುತ್ತಿದ್ದಳು. ಅವನು ತಲೆ ಎತ್ತಿದರೆ ಸಾಕು, ಒಬ್ಬರ ಕಣ್ಣು ಬ್ಯಾಟರಿಯ ಕಡೆ, ಇನ್ನೊಬ್ಬರದು ಬೇವಿನ ಗಿಡದ ಕಡೆ! ಒಳ್ಳೇ ಪಜೀತಿ.

ವಾರದ ಉಳಿದ ದಿನಗಳ ಮಾತು ಬೇಡ. ಸಂಜೆ ಬಂದು ಕೀಲಿ ತೆಗೆದರೆ ಬೆಳಿಗ್ಗೆ ಇಟ್ಟ ಚಹದ ಕಪ್ಪು ಇಟ್ಟಲ್ಲೇ ಕೂತಿರುತ್ತಿತ್ತು. ಒಂದೇ ರೊಟ್ಟಿ ಬಡಿಯಲು ಮನಸ್ಸಾಗದೆ ಎರಡು ಬಡಿಯುತ್ತಿದ್ದಳು. ಎರಡನೆಯದು ತಿನ್ನುವವರಿಲ್ಲದೆ ಒಣಗುತ್ತಿತ್ತು. ಟಿವಿ ಹಚ್ಚುವುದೂ ನೋಡಲಿಕ್ಕಲ್ಲ, ಮನೆಯಲ್ಲಿ ಯಾರಾದರೂ ಮಾತಾಡಲಿ ಎಂದು.

ಆ ಕಾರೋ, ಹಳೆಯದಾದರೂ ಗಟ್ಟಿ. ಆಯಿಲ್ ಇಳಿಯದು, ಎಂಜಿನ್ ತಣಿಸುವ ಕೂಲಂಟ್ ಇಳಿಯದು. ಏನೂ ಇಳಿಯದಿದ್ದರೆ ಅವನೇಕೆ ಬರಬೇಕು? ಈ ದಿಗಿಲಿಗೆ ಭುವನೇಶ್ವರಿ ಒಂದು ಉಪಾಯ ಹುಡುಕಿದಳು. ಶನಿವಾರ ಸಂಜೆ ಕಾರಿನಲ್ಲಿ ಕೂತು, ಮುಂದಿನ ಗಾಜಿಗೆ ಚಿಮ್ಮುವ ವೈಪರಿನ ನೀರನ್ನೆಲ್ಲ ಖಾಲಿ ಮಾಡಿಬಿಡುತ್ತಿದ್ದಳು. ಬೆಳಿಗ್ಗೆ ಅವನು, "ಅರೆ, ಇದೊಂದ ಹೆಂಗ ಖಾಲಿ ಆಕ್ಕೈತ್ರಿ?" ಎಂದು ತಂಬಿಗೆ ನೀರು ಕೇಳುತ್ತಿದ್ದ. ನೀರಿನ ಜೊತೆ ಚಹಾನೂ ಬರುತ್ತಿತ್ತು.

ಈಗ ಅವನಿಗೆ ಇಂಡಿಗೆ ವರ್ಗವಾಗಿತ್ತು. ಸಾಮಾನು ಹಿಂದಿನ ದಿನವೇ ಹೋಗಿತ್ತು. ಭಾನುವಾರ ಹತ್ತರ ಬಸ್ಸಿಗೆ ಅವನು.

ಆ ಬೆಳಿಗ್ಗೆ ಭುವನೇಶ್ವರಿ ಕಾರು ಹೊರತೆಗೆದಳು. ಪಕ್ಕದ ಮನೆಯ ಲಕ್ಕವ್ವ ಕಸಬರಿಗೆ ಹಿಡಿದೇ ಕೇಳಿದಳು:

"ಮುಂಜಮುಂಜಾನೆ ಎಲ್ಲಿಗೆ ಹೊಂಟೀಯವಾ?"

"ಎಲ್ಲಿಗೂ ಇಲ್ಲಬೇ."

ನಿಜವೇ. ರೈಲ್ವೆ ಸ್ಟೇಶನ್ ತನಕ ಹೋಗಿ, ಇಳಿಯದೆ ತಿರುಗಿಸಿಕೊಂಡು ಬಂದಳು. ಗುರುನಾಥ ಅವಳ ಮನೆ ಬಾಗಿಲಲ್ಲಿ ಕಾಯುತ್ತಿದ್ದ. ಬಾನೆಟ್ಟಿನ ಮೇಲೆ ಅಂಗೈ ಇಟ್ಟವನು ಚಟಕ್ಕನೆ ತೆಗೆದ.

"ಬಿಸಿ ಐತಲ್ರಿ!"

"ಹೌದ್ರಿ. ಆರಿದಮ್ಯಾಲೆ ನೋಡಬೇಕಂತ ನೀವ ಹೇಳ್ತೀರಲ್ಲ? ಕುಂಡರ್ರಿ."

"ನನ್ನ ಬಸ್ಸು..."

"ಹಂಗಾರ ಈಗ ತೋರಸ್ರಿ!" ಎಂದವಳೇ ರೋಷದಿಂದ ಬಾನೆಟ್ ಎತ್ತಿ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದಳು.

ಗುರುನಾಥ ಗಪ್ಪನೆ ಅವಳ ಮುಂಗೈ ಹಿಡಿದ. "ಹುಚ್ಚ ಹಿಡದೈತೇನ ನಿನಗ? ಕುದಿಯೂ ನೀರ ಮಾರಿಗೆ ಹಾರ್ತಾವ! ಸುಟ್ಟ ಹೊಕ್ಕೀದಿ!"

ಇಷ್ಟು ದಿನದ 'ರೀ' ಎಲ್ಲಿ ಹೋಯಿತೋ. ಹಿಡಿದ ಕೈ ಮಾತ್ರ ಬಿಡಲಿಲ್ಲ.

"ಸುಟ್ರ ನೋಡಾಕ ಯಾರದಾರ?" ಭುವನೇಶ್ವರಿಯ ಕಣ್ಣು ತುಂಬಿ ಬಂತು. "ಎಲ್ಲಾ ಕಲಿಸಿ ಹೋಗ್ರಿ. ಆಮ್ಯಾಲೆ ನೀವು ಬರಾಕ ಒಂದ ನೆಪಾನೂ ಉಳಿಯಂಗಿಲ್ಲ. ಒಬ್ಬಾಕೀನ ಇದ್ದಿದ್ದು ಸಾಕಾಗೇತ್ರಿ ನಂಗ."

ಅವನು ಅವಳನ್ನು ಕರೆದುಕೊಂಡು ಹೋಗಿ ಕಟ್ಟೆಯ ಮೇಲೆ ಕೂರಿಸಿದ, ತಾನೂ ಕೂತ. ಎಂಜಿನ್ ಟಿಕ್ ಟಿಕ್ ಎನ್ನುತ್ತ ಆರತೊಡಗಿತು. ಅವನು ಕಾರಿನ ಮುಂದಿನ ಗಾಜಿನ ಕಡೆ ನೋಡಿದ.

"ಈ ಊರಾಗ ಎಲ್ಲಾ ಗಾಡಿಗೂ ಧೂಳ್ರಿ. ನಿಮ್ಮ ಗಾಡಿಗೂ ಧೂಳ. ಆದರ ಐತವಾರ ಮುಂಜಾನೆ ಮುಂದಿನ ಗಾಜೊಂದ ಥಳಥಳ ಅಂತಿರ್ತಿತ್ತು. ನಂಗ ಕಣ್ಣಿಲ್ಲೇನ್ರಿ?"

ಭುವನೇಶ್ವರಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ಅಯ್ಯ! ಗೊತ್ತಿದ್ದೂ ಕೇಳಲಿಲ್ಲ ನೀವು?"

"ಕೇಳಿದ್ರ ನೀವು ಖಾಲಿ ಮಾಡೂದ ಬಿಡ್ತಿದ್ರಿ. ಎದುರಿನ ಮನ್ಯಾಗ ನಾನೂ ಒಬ್ಬನ ಇದ್ನಲ್ರಿ. ವಾರ ಎಲ್ಲಾ ಆ ಒಂದ ತಂಬಗಿ ನೀರಿಗೆ ಕಾಯ್ತಿದ್ದೆ."

ಹತ್ತರ ಬಸ್ಸು ಹೋಯಿತು. ಅದರ ಮುಂದಿನದೂ ಹೋಯಿತು. ಲಕ್ಕವ್ವ ಅದೇ ಅಂಗಳವನ್ನು ಎರಡನೆಯ ಸಲ ಗುಡಿಸಿದಳು.

ಎಂಜಿನ್ ತಣ್ಣಗಾದ ಮೇಲೆ ಅವಳ ಕೈಯಿಂದಲೇ ಎಲ್ಲ ಮಾಡಿಸಿದ. ಮುಚ್ಚಳದ ಸುತ್ತಲ ಧೂಳು ಒರೆಸಿಯೇ ತೆಗೆಯಬೇಕು. ಕೂಲಂಟ್ ಎರಡು ಗೆರೆಯ ನಡುವೆ ಇರಬೇಕು, ಆಯಿಲ್ ಮೇಲಿನ ಗೆರೆ ದಾಟಬಾರದು. "ಬ್ರೇಕ್ ಆಯಿಲ್ ಇಳದ್ರ ಮಾತ್ರ ತುಂಬಿ ಸುಮ್ಮನಾಗಬ್ಯಾಡ್ರಿ. ಗ್ಯಾರೇಜಿನವರನ್ನ ಕರಸ್ರಿ, ಗಾಡಿ ಹೊಡೀಬ್ಯಾಡ್ರಿ." ಕೊನೆಗೆ ಅವಳು ತಂಬಿಗೆ ತಂದಳು. ಅವನು ತೆಗೆದುಕೊಳ್ಳಲಿಲ್ಲ.

"ಇದನ್ನ ಇಲ್ಲೆ ತುಂಬಂಗಿಲ್ರಿ. ಇಂಡಿಯೊಳಗೂ ನೀರ ಐತಿ." ಹಾಗೆಂದು ಹೊಸ ಮನೆಯ ಗುರುತು ಹೇಳಿ, ಚೀಲ ಹೆಗಲಿಗೇರಿಸಿ ನಡೆದೇಬಿಟ್ಟ.

ಆ ವಾರ ಮುಗಿಯಲೇ ಇಲ್ಲ. ಎದುರು ಮನೆಗೆ ಬೀಗ. ಸಂಜೆ ಟಿವಿ ಹಚ್ಚಲೂ ಮನಸ್ಸಾಗಲಿಲ್ಲ. ದಿನಾ ಬೆಳಿಗ್ಗೆ ಗಾಜನ್ನು ಒದ್ದೆ ಬಟ್ಟೆಯಿಂದ ಒರೆಸಿಕೊಂಡು ಮುದ್ದೇಬಿಹಾಳಕ್ಕೆ ಹೋಗಿ ಬಂದಳು. ವೈಪರಿಗೆ ಮಾತ್ರ ತೊಟ್ಟು ನೀರು ಹಾಕಲಿಲ್ಲ.

ಭಾನುವಾರ ಬೆಳಿಗ್ಗೆ, ಎಂಜಿನ್ ತಣ್ಣಗಿದ್ದಾಗಲೇ, ಒಬ್ಬಳೇ ಎಲ್ಲ ನೋಡಿದಳು. ಎಲ್ಲವೂ ಗೆರೆಗಳ ನಡುವೆಯೇ ಇದ್ದವು. ಸಿಂದಗಿ ದಾಟಿ ಇಂಡಿಯ ದಾರಿ ಹಿಡಿದಳು.

ಗುರುನಾಥ ಹೊಸ ಮನೆಯ ಮೆಟ್ಟಿಲ ಮೇಲೆ ತುಂಬಿದ ತಂಬಿಗೆ ಹಿಡಿದು ನಿಂತಿದ್ದ. ಹತ್ತಿರ ಬಂದು ಬಾನೆಟ್ಟಿನ ಮೇಲೆ ಅಂಗೈ ಇಟ್ಟ.

"ಬಿಸಿ ಐತಿ. ಆರೂತನಕ ಕುಂಡರಬೇಕಾಕ್ಕೈತಿ."

"ಕುಂಡರ್ತೇನ್ರಿ."

"ರೊಟ್ಟಿ ಬಡದೇನಿ. ಎರಡು ತಾಟ ಹಚ್ಚೇನಿ."

ವೈಪರಿನ ನೀರು ತುಂಬಲು ಎಂಜಿನ್ ಆರುವ ತನಕ ಕಾಯಬೇಕಿಲ್ಲ. ಅದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಭುವನೇಶ್ವರಿ ಚಪ್ಪಲಿ ಬಿಟ್ಟು ಒಳಗೆ ಹೋದಳು.