ಎರಡನೇ ಡಿಸ್ಕ್ ಯಾರು ಎಳದ್ರು?

ಕೇಳ್ರಿ ಇಲ್ಲಿ. ಹುನಗುಂದದಿಂದ ಇಳಕಲ್ಲ ತನಕ ಹೀರೋ ಅನ್ನಾಂವ ಒಬ್ಬನ, ನಮ್ಮ ಚೇತನಕುಮಾರ. ಬ್ಯಾರೆ ಹೀರೋಗಳು ಹತ್ತು ಮಂದೀನ ಹೊಡದು ಹುಡುಗೀನ ಗೆಲ್ತಾರ. ನಮ್ಮಾಂವ ಎರಡೂ ಕೈ ಕಟ್ಟಿಸ್ಕೊಂಡು, ಒಂದು ಬೆರಳು ಅಳ್ಳಾಡಿಸದ ಗೆದ್ದಾನ. ನಂಬಿಕಿ ಇಲ್ಲಂದ್ರ ಪೂರಾ ಕೇಳ್ರಿ, ಆಮ್ಯಾಲೆ ಸೀಟಿ ಹೊಡೀರಿ.

ಹುಡುಗಿ ಪದ್ಮಶ್ರೀ. ಇಳಕಲ್ಲಿನ್ಯಾಗ ಸೀರಿ ನೇಯೂ ಗುಲಾಬಬಿ ಖಾಲಾನ ಮನಿ ಮುಂದಿನ ಖೋಲಿ ಬಾಡಿಗಿ ಹಿಡದು ಹಳೇ ಸರ್ವರ್ ರಿಪೇರಿ ಮಾಡಾಕಿ. ಚೇತ್ಯಾಂದು ಹುನಗುಂದದಾಗ ಕಂಪ್ಯೂಟರ್ ಅಂಗಡಿ. ಡಿಸ್ಕ್ ಕೊಡೂ ನೆವ ಮಾಡ್ಕೊಂಡು ದಿನಾ ಬೈಕ್ ಏರಿ ಬರಾಂವ.

ಆ ವಾರ ಪದ್ಮಶ್ರೀ ಹಠಕ್ಕ ಬಿದ್ದಿದ್ಲು. ಬಾಗಲಕೋಟಿಯ ಒಂದು ಕಾಲೇಜಿನ ಶಿವಪ್ರಕಾಶ ಸರ್ ಆರು ಹಳೇ ರೇಡ್ ಕಾರ್ಡ್ ಗುಜರಿಗೆ ಹಾಕಾಕ ಹೊಂಟಿದ್ರು. ರೇಡ್ ಕಾರ್ಡ್ ಅಂದ್ರ ನಾಲ್ಕು ಡಿಸ್ಕನ್ನ ಒಂದ ಬಂಡಿಗೆ ಹೂಡೂದು. ಒಂದು ಎತ್ತು ಕುಂತ್ರೂ ಉಳದ ಮೂರು ಎಳೀತಾವ. ಹಂಗ ಕುಂತದ್ದಕ್ಕ ಡಿಸ್ಕ್ ಬಿತ್ತು ಅಂತಾರ, ಆಗ ಕಾರ್ಡ್ ಕೆಂಪು ಲೈಟ್ ಹಚ್ಚಿ ಓಣಿಗೆಲ್ಲಾ ಕೇಳೂಹಂಗ ಕಿರಚತೈತಿ.

"ಪುಕ್ಕಟೆ ಸಿಗೂ ಲಿನಕ್ಸ್ ಸಾಫ್ಟ್‌ವೇರಿನ ಮ್ಯಾಲೆ ಇವು ನಡಿಯೂದಿಲ್ಲವಾ," ಅಂದ್ರು ಸರ್.

"ಪುಕ್ಕಟೆ ಅಂದ್ರ ಹಗುರ ಅಲ್ರಿ ಸರ್. ಒಂದು ಕಾರ್ಡ್ ಒಯ್ದು, ಶನಿವಾರದೊಳಗ ಪೂರಾ ಒಂದು ದಿನ, ಒಂದೂ ಡಿಸ್ಕ್ ಬೀಳದಂಗ ಓಡಿಸಿ ತೋರಸ್ತೇನಿ. ಬಿತ್ತಂದ್ರ ಕಾರ್ಡ್ ಜೋಡಿ ನನ್ನ ಮಾತನೂ ಗುಜರಿಗೆ ಹಾಕ್ರಿ."

ಸೋಮವಾರ ಎರಡನೇ ಡಿಸ್ಕ್ ಬಿತ್ತು. ಮಂಗಳವಾರ ಮತ್ತ ಅದ ಬಿತ್ತು. ಬುಧವಾರ ಮುಂಜಾನಿ ಹನ್ನೊಂದಕ್ಕ, ಚೇತ್ಯಾ ಅದರ ಬಾಜೂಕ ನಿಂತಾಗ, ಮತ್ತ "ಕೀಂ..."

ಪದ್ಮಶ್ರೀ ಮೊದಲು ಕೆಂಪು ಲೈಟ್ ನೋಡಿದ್ಲು. ಆಮ್ಯಾಲೆ ಅಂವನ ಕೈ. ಕಡೀಕ ಕಣ್ಣು. ಆಕಿ ಹಿಂಗ ನೆಟ್ಟ ನೋಡ್ಲಿ ಅಂತ ಅಂವ ಆರು ತಿಂಗಳಿಂದ ಕಾದಿದ್ದ. ಇಂಥಾ ಹೊತ್ತಿನ್ಯಾಗ ಅಂತ ಮಾತ್ರ ಕೇಳ್ಕೊಂಡಿರಲಿಲ್ಲ.

"ನೀನ ಎಳದಿ."

"ಅವ್ವನಾಣಿ ಇಲ್ಲ!"

"ನನ್ನ ಕಂಪ್ಯೂಟರ್ ಮೌಸಿನ ಬುಡಕ ಟೇಪ್ ಹಚ್ಚಿ ಕಾಡಿಸಿದಾಗೂ ಅವ್ವನಾಣಿನ ಮಾಡಿದ್ದಿ."

"ಆ ಆಣಿ ಬ್ಯಾರೆ, ಈ ಆಣಿ ಬ್ಯಾರೆ."

"ಅವ್ವ ಒಬ್ಬಾಕೀನ ಅದಾಳಲ್ಲ? ನಡಿ. ನಾಳಿಂದ ಬರಬ್ಯಾಡ."

ಬರಬ್ಯಾಡ ಅಂದ್ರ ಬಿಡಾಂವ ಚೇತ್ಯಾನ? ಗುರುವಾರ ಹತ್ತಕ್ಕ ಹಾಜರ್. ಗಾಗಲ್ ಮ್ಯಾಲೇರಿಸಿ ಅಂದ, "ಚೇತ್ಯಾನ್ನ ತಡ್ಯಾಕ ಬಾಗಲಾ ಸಾಲೂದಿಲ್ಲ ಮೇಡಂ, ಗ್ವಾಡಿ ಕಟ್ಟಸಬೇಕಾಗ್ತೈತಿ!" ಆಮ್ಯಾಲೆ ದನಿ ಸಣ್ಣ ಮಾಡಿ ಎರಡೂ ಕೈ ಮುಂದ ಚಾಚಿದ. "ಕಟ್ಟು. ನನ್ನ ಕೈ ಕಟ್ಟಿದ ಮ್ಯಾಲೂ ಡಿಸ್ಕ್ ಬಿತ್ತಂದ್ರ ನನ್ನ ನಂಬಬೇಕು. ಅಷ್ಟ."

ಪದ್ಮಶ್ರೀ ಒಳಗ ಹೋಗಿ ಖಾಲಾನ ಕಡಿಂದ ಕೆಂಪು ರೇಶ್ಮಿ ದಾರ ತಂದ್ಲು. ಸೆರಗಿಗೆ ಹಾಕೂ ದಾರ. ಮಣಿಕಟ್ಟಿಗೆ ಒಂದೊಂದ ಸುತ್ತು, ನಿಧಾನಕ. ಬಗ್ಗಿದಾಕಿಯ ಜಡಿ ಅಂವನ ಮೊಣಕೈಗೆ ತಾಗಿತ್ತು. ಆಕಿ ಸರಸಲಿಲ್ಲ.

"ಬಿಗಿ ಆತೇನ?"

"ಉಸುರಾಡಾಕ ಬರವಲ್ದು."

"ಕಟ್ಟಿದ್ದು ಕೈನೋ."

ಚಾ ಬಂತು. "ಕೈದಿಗೂ ಚಾದ ಹಕ್ಕೈತಿ ಮೇಡಂ," ಅಂದ. ಆಕಿ ನಗಿ ತಡಕೊಂಡು ಗ್ಲಾಸು ಅಂವನ ತುಟಿಗೆ ಹಿಡದ್ಲು, ಒಂದು ಗುಟುಕು ಕುಡಿಸಿ ಸರ್ವರಿನ ಟೇಬಲ್ ಮ್ಯಾಲೆ ಇಟ್ಲು.

ಹನ್ನೊಂದಾತು. ಗ್ಲಾಸಿನ್ಯಾಗ ಚಾ ಸಣ್ಣಗ ನಡಗಾಕತ್ತಿತು. ಚೇತ್ಯಾ ಹುಬ್ಬು ಏರಿಸಿದ. ಗ್ವಾಡಿ ಆಚೆ ಧಡ್ ಧಡ್ ಧಡ್. ಹಿಂದನ "ಕೀಂ..."

"ಕೈ ನೋಡ್ಕೊ! ಕಟ್ಟಿದ್ದು ಹಂಗ ಐತಿ!" ಕುರ್ಚಿಯಿಂದ ಜಿಗದು ಎದ್ದ ಚೇತ್ಯಾ ಒದರಿದ. "ಖಾಲಾ, ಮಗ್ಗ ನಿಲ್ಲಸ್ರೀ!"

"ಯಾಕೋ, ಬೆಂಕಿ ಬಿತ್ತೇನ?" ಅಂದ್ಲು ಗುಲಾಬಬಿ. ಮಗ್ಗ ನಿಂತಿತು. ಚಾನೂ ನಿಂತಿತು.

ಡಿಸ್ಕ್ ಮತ್ತ ಕುಂದ್ರಿಸಿ, ಮಗ್ಗ ಚಾಲೂ ಮಾಡಿಸಿ ನೋಡಿದ್ರು. ಬಿತ್ತು. ಮಗ್ಗದ ಹೊಡತಕ್ಕ ಟೇಬಲ್ ಅದುರಿ, ಡಿಸ್ಕ್ ಉತ್ತರ ಕೊಡಾಕ ತಡಾ ಮಾಡತಿತ್ತು. ಕಾರ್ಡ್ ಪಾಪ, ಅದು ಸತ್ತೈತಿ ಅಂತ ತಿಳಕೊಂಡು ಒದರತಿತ್ತು.

"ಈ ಕರೆಂಟಿನ ಮಗ್ಗ ಯಾವಾಗಿಂದ ಖಾಲಾ?"

"ಮಂಗಳವಾರ ಜೋಡಿಸಿ ಹೋಗ್ಯಾರ ಬೇಟಿ. ಹನ್ನೊಂದಕ್ಕ ಕರೆಂಟ್ ಬಂತಂದ್ರ ಚಾಲೂ."

"ಮಂಗಳವಾರ," ಅಂತ ಪದ್ಮಶ್ರೀ ಮೆಲ್ಲಕ ಅಂದು ಚೇತ್ಯಾನ್ನ ನೋಡಿದ್ಲು. ಅಂವ ಛತ್ತಿನ ಫ್ಯಾನ್ ನೋಡಿದ. ಇರ್ಲಿ, ನಾವು ಮುಂದ ಹೋಗೂಣು.

ಖಾಲಾನ ಎರಡು ಕೌದಿ ಮಡಚಿ ಸರ್ವರಿನ ಬುಡಕ ಹಾಕಿ, ಗ್ವಾಡಿಯಿಂದ ದೂರ ಸರಿಸಿದ್ರು. ಗುರುವಾರ ಮಧ್ಯಾಹ್ನದಿಂದ ಶುಕ್ರವಾರ ಸಂಜೀತನಕ ಮಗ್ಗ ಬಡೀತು, ನಾಲ್ಕೂ ಡಿಸ್ಕ್ ಹಸರ ಲೈಟ್ ಹಚ್ಚಿ ಓಡಿದ್ವು.

ಪದ್ಮಶ್ರೀ ಫೋನ್ ಹಚ್ಚಿದ್ಲು. "ಮಗ್ಗದ ಬಾಜೂಕ ನಿಂತಾವ್ರಿ ಸರ್. ನಿಮ್ಮ ಎಸಿ ರೂಮಿನ್ಯಾಗ ನಿಲ್ಲೂದಿಲ್ಲೇನು? ಪುಕ್ಕಟೇದು ಅಂತ ಇನ್ನೊಮ್ಮೆ ಅನಬ್ಯಾಡ್ರಿ."

ಸರ್ ಜೋರಾಗಿ ನಕ್ರು. ಕಡೀಕ, "ಆರೂ ಕಾರ್ಡ್ ನೀನ ಬಂದು ಹಚ್ಚವಾ."

ಇಲ್ಲಿಗೆ ನಿಲ್ಲಿಸಿದ್ರ ಚೇತ್ಯಾ ಹೀರೋನ. ಆದ್ರ ಇಷ್ಟೊತ್ತು ಕುಂತು ಕೇಳಿದವರಿಗೆ ಸುಳ್ಳು ಹೇಳಾಕ ಮನಸ್ಸು ಬರವಲ್ದು. ಮಂಗಳವಾರ ಬಂದ ಮಗ್ಗ ಸೋಮವಾರ ಹೆಂಗ ಡಿಸ್ಕ್ ಬೀಳಸ್ತೈತಿ? ಸೋಮವಾರದ್ದು ಚೇತ್ಯಾನ ಎಳದಿದ್ದ.

ಫೋನ್ ಇಟ್ಟ ಮ್ಯಾಲೆ ತಲಿ ತಗ್ಗಿಸಿ ಒಪ್ಕೊಂಡ. "ಸೋಮವಾರದ್ದು ನಾನ."

"ಗೊತ್ತೈತಿ. ಬುಧವಾರ ನೀ ಹೋದ ಮ್ಯಾಲೆ ಕಾರ್ಡ್ ಬರದಿಟ್ಟ ಲಾಗ್ ತಗದು ನೋಡಿದೆ. ಸೋಮವಾರ 'ಡಿಸ್ಕ್ ತಗದಾರ' ಅಂತ ಐತಿ. ಆಮ್ಯಾಲಿನವು 'ಡಿಸ್ಕ್ ಉತ್ತರ ಕೊಡವಲ್ದು' ಅಂತ."

"ಹಂಗಂದ್ರ ನಿನ್ನೆ ಮುಂಜಾನೇನ ಗೊತ್ತಿತ್ತು? ಮತ್ತ ಕೈ ಯಾಕ ಕಟ್ಟಿದಿ?"

"ನೀ ಒಂದು ತಾಸು ಸುಮ್ಮನ ಕುಂತಿದ್ದು ನೋಡಬೇಕಿತ್ತು. ಮತ್ತ, ನೀನ ಹೇಳ್ತೀಯೋ ಇಲ್ಲೋ ಅಂತ ಕಾದೆ. ಈಗ ಹೇಳು, ಯಾಕ ಎಳದಿ? ಡೈಲಾಗ್ ಬ್ಯಾಡ."

"ಇಡೀ ದಿನ ಆ ಕಾರ್ಡ್ ನೋಡ್ಕೋತ ಕುಂದರತಿದ್ದಿ. ಒಮ್ಮೆ ನನ್ನ ಕಡೆ ನೋಡ್ಲಿ ಅಂತ."

ಪದ್ಮಶ್ರೀ ಕುರ್ಚಿ ಪೂರಾ ಅಂವನ ಕಡೆ ತಿರುಗಿಸಿದ್ಲು. "ಹೂಂ. ನೋಡಾಕತ್ತೇನಿ. ಮುಂದ ಹೇಳು."

ನಮ್ಮ ಹೀರೋ ಗಾಗಲ್ ಏರಿಸಿದ. ಇಳಿಸಿದ. ಮತ್ತ ಏರಿಸಿದ.

ಖರೆ ಹೇಳ್ತೇನ್ರಿ, ಮುಂದಿಂದೆಲ್ಲಾ ಆಕೀನ ಹೇಳಿದ್ಲು.