ಕಿಟಕಿ ತೆರೆದಿರಬೇಕೋ, ಮುಚ್ಚಿರಬೇಕೋ

ಮನೆಮನೆಗೆ ಹೋಗಿ ನಿಮಗೆ ದಿಂಬು ಮೆತ್ತಗಿರಬೇಕೋ ಗಟ್ಟಿಯಾಗಿರಬೇಕೋ ಎಂದು ಕೇಳುವುದು ನನ್ನ ಕೆಲಸ. ನಗಬೇಡಿ, ಮನೆಸಾಮಾನು ತಯಾರಿಸುವ ಕಂಪನಿಯೊಂದು ಅದಕ್ಕೆ ಸಂಬಳ ಕೊಡುತ್ತದೆ. ಎರಡು ವರ್ಷದಲ್ಲಿ ನಾನು ಕಂಡುಕೊಂಡಿದ್ದೇನೆಂದರೆ, ಜನ ಬೇರೆಲ್ಲದರಲ್ಲೂ ರಾಜಿಯಾದಾರು, ಫ್ಯಾನ್ ಎಷ್ಟು ಜೋರಾಗಿ ತಿರುಗಬೇಕು ಎಂಬುದರಲ್ಲಿ ಮಾತ್ರ ಆಗುವುದಿಲ್ಲ.

ಕುರ್ಚಿ ರಿಪೇರಿ ಮಾಡುವವನ ಮನೆಗೆ ಮೊದಲು ಹೋದದ್ದು ಒಂದು ಮಂಗಳವಾರ ಬೆಳಿಗ್ಗೆ. ಮುಂದಿನ ಕೋಣೆಯೇ ಅವನ ಕೆಲಸದ ಜಾಗ. ಕಾಲು ಮುರಿದ ಕುರ್ಚಿಗಳು, ಬೆತ್ತದ ಸುರುಳಿಗಳು, ಅಂಟಿನ ವಾಸನೆ. ಮೂಲೆಯಲ್ಲಿ ಅವನ ದೊಡ್ಡಮ್ಮ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಅವನ ಅಂಗಿಗೆ ಗುಂಡಿ ಹಾಕುತ್ತಿದ್ದರು. ಅಷ್ಟು ಕುರ್ಚಿಗಳ ನಡುವೆ ಕೂರಲು ಬರುವಂಥದ್ದು ಒಂದೇ ಒಂದು ಎತ್ತರದ ಸ್ಟೂಲು. ಹತ್ತಿ ಕೂತೆ. ನಾನು ಕುಳ್ಳಿ, ಕಾಲು ನೆಲಕ್ಕೆ ಎಟುಕಲಿಲ್ಲ.

ತೂಗಾಡುತ್ತಿದ್ದ ನನ್ನ ಕಾಲನ್ನು ಅವನು ಒಮ್ಮೆ ನೋಡಿ, ತಟ್ಟನೆ ಬೆತ್ತದ ಕಡೆ ತಿರುಗಿಕೊಂಡ. ನನಗೆ ಸಿಟ್ಟು ಬಂತು. ಅವನ ಕಿವಿ ಕೆಂಪಾಗಿದ್ದು ಕಂಡು ಅರ್ಧ ಇಳಿಯಿತು.

ನಲವತ್ತು ಪ್ರಶ್ನೆಗಳಿಗೂ ಯೋಚಿಸಿ ಯೋಚಿಸಿ ಉತ್ತರ ಕೊಟ್ಟ. ಹದಿನೇಳನೆಯದು, ಮಲಗುವಾಗ ಕಿಟಕಿ ತೆರೆದಿರಬೇಕೋ ಮುಚ್ಚಿರಬೇಕೋ ಎಂಬುದು. ತೆರೆದಿರಬೇಕು ಎಂದ. ಹೊರಡುವಾಗ ನಮ್ಮ ನಿಯಮ ತಿಳಿಸಿದೆ. ವಾರ ಬಿಟ್ಟು ಬಂದು ಇವುಗಳಲ್ಲಿ ಐದನ್ನು ಮತ್ತೆ ಕೇಳುತ್ತೇನೆ, ಉತ್ತರ ತಾಳೆಯಾದರೆ ಈ ಮನೆ ಮುಗಿಯಿತು, ಆಗದಿದ್ದರೆ ಇನ್ನೊಂದು ವಾರ ಬರಬೇಕು.

"ತಾಳೆ ಆಗ್ಲಿಲ್ಲ ಅಂದ್ರೆ ಬರಲೇಬೇಕಾ?" ಎಂದು ಕೇಳಿದ.

"ಬರಲೇಬೇಕು."

ಅವನು ಬಹಳ ಗಂಭೀರವಾಗಿ ತಲೆಯಾಡಿಸಿದ. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಮುಂದಿನ ಮಂಗಳವಾರ ಕಿಟಕಿ ಮುಚ್ಚಿರಬೇಕು ಎಂದ. ಅದರ ಮುಂದಿನ ವಾರ ಅರ್ಧ ತೆರೆದಿರಬೇಕು ಎಂದ. ಮೆತ್ತನೆಯ ದಿಂಬು ಗಟ್ಟಿಯಾಯಿತು, ಆಮೇಲೆ ದಿಂಬೇ ಬೇಡವಾಯಿತು. ಬೆಳಿಗ್ಗೆ ಎದ್ದ ಕೂಡಲೇ ಮಾತು ಬೇಕು ಎಂದಿದ್ದವನು ಒಂದು ವಾರ ಮೌನ ಬೇಕು ಎಂದು, ಆ ಮೌನದ ಬಗ್ಗೆಯೇ ಅರ್ಧ ಗಂಟೆ ಮಾತಾಡಿದ. ಇಂಥ ಚಂಚಲ ಮನುಷ್ಯನನ್ನು ಕಂಡಿಲ್ಲ ಎಂದು ನಾನು ಬೈಯುತ್ತಿದ್ದೆ. ಬೆತ್ತ ಹೆಣೆಯುತ್ತ, ತಲೆ ಎತ್ತದೆ, ಅವನು ಮೀಸೆಯೊಳಗೇ ನಗುತ್ತಿದ್ದ. ದೊಡ್ಡಮ್ಮ ನನ್ನ ಚಹಾದ ಲೋಟಕ್ಕೆ ಒಂದು ಚಮಚ ಸಕ್ಕರೆ ಹೆಚ್ಚು ಹಾಕಲು ಕಲಿತರು.

ಸುಳ್ಳೇಕೆ ಹೇಳಲಿ, ಮಂಗಳವಾರಗಳಂದು ನಾನೂ ಕನ್ನಡಿಯ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಿದ್ದೆ.

ಆರು ಭೇಟಿಯಾದ ಮೇಲೆ ಒಂದು ಗುರುವಾರ ಮೇಲ್ವಿಚಾರಕಿ ಕರೆದರು. ನಾವೆಲ್ಲ ಅವರನ್ನು ಕೆಂಪು ಪೆನ್ನು ಎಂದೇ ಕರೆಯುವುದು. ಮೇಜಿನ ಮೇಲೆ ಅವನ ಆರು ಫಾರಂಗಳನ್ನು ಹರಡಿಕೊಂಡಿದ್ದರು. ಒಂದೇ ಮನುಷ್ಯ ಆರು ಥರ ಮಲಗುವುದಿಲ್ಲ, ನೀನು ಆ ಮನೆಯ ಹೊಸ್ತಿಲೂ ತುಳಿಯದೆ ಎಲ್ಲೋ ಕೂತು ಗೀಚಿದ್ದೀಯ ಎಂದರು. ಹೋಗಿದ್ದಕ್ಕೆ ನಾಳೆಯೊಳಗೆ ಸಾಕ್ಷಿ ತರದಿದ್ದರೆ ಕೆಲಸ ಬಿಡಬೇಕಂತೆ.

ಸೀದಾ ಅವನ ಮನೆಗೆ ಹೋದೆ. ಗುರುವಾರ ನನ್ನನ್ನು ಕಂಡು ಅವನ ಮುಖ ಅರಳಿತು. ಅದನ್ನು ನೋಡಿ ನನಗೆ ಇನ್ನೂ ಸಿಟ್ಟೇರಿತು.

"ನನ್ನ ಕೆಲಸ ಹೋಗುತ್ತೆ," ಎಂದೆ. "ನಾನು ಇಲ್ಲಿಗೆ ಬಂದೇ ಇಲ್ಲ ಅಂತಾರೆ, ನಾಳೆಯೊಳಗೆ ಆಫೀಸಿಗೆ ಸಾಕ್ಷಿ ತರಬೇಕಂತೆ. ನಿಮಗೆ ತಮಾಷೆ, ಅಲ್ವಾ?"

ದೊಡ್ಡಮ್ಮ ಸೂಜಿ ಕೆಳಗಿಟ್ಟರು.

"ಹುಟ್ಟಿದಾಗಿಂದ ಇವನು ಕಿಟಕಿ ಮುಚ್ಚಿ ಮಲಗಿದವನಲ್ಲಮ್ಮ. ನೀನು ಬರ್ತಾ ಇರಲಿ ಅಂತ ಸುಳ್ಳು ಹೇಳ್ತಿದ್ದ."

ನಾನು ಧಡಧಡ ಮೆಟ್ಟಿಲಿಳಿದು ಬಂದುಬಿಟ್ಟೆ. ಬೀದಿಯ ತಿರುವಿನವರೆಗೆ ಅತ್ತೆ. ತಿರುವು ದಾಟಿದ ಮೇಲೆ ನನಗೇ ನಗು ಬಂತು. ಕೆಲಸ ಹೋಗುತ್ತದೆ ಎಂಬ ಹೆದರಿಕೆ ಮಾತ್ರ ಹಾಗೇ ಉಳಿಯಿತು.

ಶುಕ್ರವಾರ ಬೆಳಿಗ್ಗೆ ಕೆಂಪು ಪೆನ್ನಿನ ಎದುರು ಬರಿಗೈಯಲ್ಲಿ ನಿಂತಿದ್ದೆ. ಬಾಗಿಲು ತೆರೆಯಿತು. ಹೆಗಲ ಮೇಲೆ ಹೊಸ ಬೆತ್ತದ ಕುರ್ಚಿ ಹೊತ್ತು ಅವನು ಒಳಗೆ ಬಂದ. ಮೇಲ್ವಿಚಾರಕಿಗೆ ಎಲ್ಲವನ್ನೂ ಒಪ್ಪಿಸಿದ. ತಪ್ಪೆಲ್ಲ ತನ್ನದು, ಇವರು ಆರು ಸಲವೂ ಬಂದಿದ್ದಾರೆ ಎಂದ.

ಸಾಕ್ಷಿ ಏನು ಎಂದು ಅವರು ಕೇಳಿದರು.

"ಇದೇ," ಎಂದು ಕುರ್ಚಿ ಕೆಳಗಿಟ್ಟ. "ಅಳತೆಪಟ್ಟಿ ಹಿಡಿದಿಲ್ಲ ಮೇಡಂ, ಕಣ್ಣಳತೆ ಅಷ್ಟೇ. ಅವರ ಕಾಲು ತೂಗಾಡೋದು ನೋಡೋಕೆ ಆಗ್ಲಿಲ್ಲ. ಮೊದಲನೇ ದಿನವೇ ಶುರು ಮಾಡಿದೆ."

ಕೂತುಕೋ ನೋಡೋಣ ಎಂದರು ಮೇಲ್ವಿಚಾರಕಿ. ಕೂತೆ. ಎರಡೂ ಪಾದ ಪೂರ್ತಿಯಾಗಿ ನೆಲಕ್ಕೆ ಊರಿದವು. ಬೆನ್ನಿಗೆ ಎಲ್ಲಿ ಆಸರೆ ಬೇಕೋ ಅಲ್ಲೇ ಸಿಕ್ಕಿತು. ನನ್ನ ಜನ್ಮದಲ್ಲಿ ಯಾವ ಕುರ್ಚಿಯೂ ಹಾಗೆ ನನ್ನದಾಗಿರಲಿಲ್ಲ.

ಮೇಲ್ವಿಚಾರಕಿ ನನ್ನನ್ನು ಎಬ್ಬಿಸಿ ತಾವೂ ಕೂತು ಪರೀಕ್ಷಿಸಿದರು. ಅವರು ಉದ್ದ, ಮೊಣಕಾಲು ಎದೆಯವರೆಗೆ ಬಂತು. ಎದ್ದು ಸೀರೆ ಸರಿಮಾಡಿಕೊಂಡು, ಫಾರಂಗಳ ಮೇಲೆ 'ಭೇಟಿ ನಿಜ' ಎಂದು ಕೆಂಪಕ್ಷರದಲ್ಲಿ ಬರೆದರು. ಆಮೇಲೆ ಕೆಮ್ಮುತ್ತ, ಚಹಾ ಕುಡಿದು ಬರುತ್ತೇನೆ ಎಂದು ಹೊರಗೆ ಹೋದರು.

ಅವನು ಗೋಡೆಯ ಕಡೆ ನೋಡುತ್ತ ಹೇಳಿದ, "ಸರಿ ಉತ್ತರ ಕೊಟ್ರೆ ನೀವು ಮತ್ತೆ ಬರಲ್ಲ ಅಂತ ಗೊತ್ತಿತ್ತು. ನೀವು ಅಂದ್ರೆ ನನಗೆ ತುಂಬಾ ಇಷ್ಟ. ಅದನ್ನ ಬರೆಯೋಕೆ ಆ ಫಾರಂನಲ್ಲಿ ಜಾಗ ಇರಲಿಲ್ಲ."

ನಾನು ಮತ್ತೆ ಆ ಕುರ್ಚಿಯಲ್ಲೇ ಕೂತೆ. ಈಗ ಪ್ರಶ್ನೆ ಕೇಳುವ ಸರದಿ ಅವನದು.

"ನಿಮಗೆ ಕಿಟಕಿ ಹೇಗಿರಬೇಕು?"

"ಮುಚ್ಚಿರಬೇಕು. ನನಗೆ ಚಳಿ."

"ನನಗೆ ತೆರೆದೇ ಇರಬೇಕು. ಇದು ನಿಜವಾದ ಉತ್ತರ."

"ಹಾಗಾದ್ರೆ ಕಿಟಕಿ ಪಕ್ಕ ನೀವು ಮಲ್ಕೊಳ್ಳಿ," ಎಂದೆ, "ಗೋಡೆ ಕಡೆ ನಾನು."

ಹೇಳಿದ ಮೇಲೆ ಏನು ಹೇಳಿದೆನೆಂದು ತಿಳಿದು ನಾಲಿಗೆ ಕಚ್ಚಿಕೊಂಡೆ. ಅವನ ಕಿವಿ ಮೊದಲ ದಿನದಂತೆಯೇ ಕೆಂಪಗಾಗಿತ್ತು. ನನ್ನದು ನನಗೆ ಕಾಣಲಿಲ್ಲ, ಆದರೆ ಸುಡುತ್ತಿತ್ತು.

"ಈ ಉತ್ತರ ವಾರ ಬಿಟ್ಟು ಕೇಳಿದ್ರೂ ತಾಳೆ ಆಗುತ್ತಾ?" ಎಂದ.

"ಮಂಗಳವಾರ ಬರ್ತೀನಿ," ಎಂದೆ. "ಕೇಳಿ ನೋಡಿ."