ಕೇಳುಗನ ಕುರ್ಚಿ

ಸೋಮವಾರ ನಾಲ್ಕು ಗಂಟೆಗೆ ದಾವಲಸಾಬರ ಅಂಗಡಿಯ ತಿಳಿದೀಪ ಎಂದಿನಂತೆ ತಾನಾಗಿ ಹಳದಿ ಬಣ್ಣದಲ್ಲಿ ಹೊತ್ತಿಕೊಂಡಿತು. ಯಾರಾದರೂ ಬಂದು ಏನನ್ನಾದರೂ ವಿವರಿಸಲಿ ಎಂದು ಕಾಯುವ ಬಣ್ಣ ಅದು. ದಾವಲಸಾಬರು ಕೈಯ ಮಸಿ ಒರೆಸಿಕೊಂಡರು, ಎರಡು ಕಪ್ ಚಹಾ ತರಿಸಿದರು, ದೀಪದ ತಾಮ್ರದ ಬಿಲ್ಲೆಯ ಮೇಲೆ ಹೆಬ್ಬೆರಳಿಟ್ಟು ಕಸ್ತೂರಿಯ ದಾರಿ ನೋಡುತ್ತ ಕುಳಿತರು. ಐದು ವರ್ಷಗಳಲ್ಲಿ ಒಂದು ಸೋಮವಾರವನ್ನೂ ತಪ್ಪಿಸಿದ ಹುಡುಗಿಯಲ್ಲ ಅವಳು.

ಚಹಾ ಆರಿ ಕೆನೆಗಟ್ಟಿದ ಮೇಲೆ ಬಂದವರು ಅವಳ ಮಾರ್ಗದರ್ಶಕರಾದ ಪ್ರಾಧ್ಯಾಪಕ ಗುಡಿಯವರು. ಮೂರು ದಿನ ಜ್ವರದಲ್ಲಿ ಬೆಂದು ಕಸ್ತೂರಿ ಅಂದು ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ತೀರಿಕೊಂಡಳೆಂದು ಹೊಸ್ತಿಲಲ್ಲೇ ನಿಂತು ಹೇಳಿದರು. ದೀಪ ಹಳದಿಯಾಗಿಯೇ ಇತ್ತು. ದಾವಲಸಾಬರಿಗೆ ಮಾತು ಕೇಳಿಸಿತ್ತು, ತಿಳಿದಿರಲಿಲ್ಲ.

ಗಜೇಂದ್ರಗಡದ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಈ ಉಪಕರಣದ ಶಾಸ್ತ್ರೀಯ ಹೆಸರು ಗ್ರಹಿಕಾದರ್ಶಕ. ಒಂದು ವಿಷಯ ಮನಸ್ಸಿಗೆ ಹೊಳೆದ ಕ್ಷಣದಲ್ಲಿ ಚರ್ಮದ ಮೇಲಿನ ಸೂಕ್ಷ್ಮ ವಿದ್ಯುತ್ತು ಒಂದು ವಿಶಿಷ್ಟ ರೀತಿಯಲ್ಲಿ ಏರಿ ಇಳಿಯುತ್ತದೆ. ಬಿಲ್ಲೆ ಅದನ್ನು ಗುರುತಿಸಿ ದೀಪವನ್ನು ಹಸಿರಾಗಿಸುತ್ತದೆ. ಸುಮ್ಮನೆ ತಲೆಯಾಡಿಸುವವರನ್ನು ಅದು ನಂಬುವುದಿಲ್ಲ. ಅದು ಬಂದ ಮೇಲೆ ವಿಶ್ವವಿದ್ಯಾಲಯ ಒಂದು ಕಟ್ಟಳೆ ಮಾಡಿತು. ಪ್ರತಿಯೊಬ್ಬ ಸಂಶೋಧಕನೂ ಆ ಶಾಸ್ತ್ರ ಓದದ ಒಬ್ಬ ಊರವನನ್ನು ಕೇಳುಗನಾಗಿ ಆರಿಸಿಕೊಂಡು ವಾರಕ್ಕೊಮ್ಮೆ ಅವನಿಗೆ ತನ್ನ ಕೆಲಸವನ್ನು ವಿವರಿಸಬೇಕು. ಕೊನೆಗೆ ನೂರು ಮಂದಿ ಊರವರ ಮುಂದೆ ಪ್ರಬಂಧ ಮಂಡಿಸಬೇಕು. ಅವರ ಮುಂದಿನ ದೀಪಗಳಲ್ಲಿ ಅರವತ್ತಾದರೂ ಹಸಿರಾಗದಿದ್ದರೆ ಪದವಿಯೂ ಇಲ್ಲ, ಪ್ರಬಂಧ ಅಚ್ಚಾಗುವುದೂ ಇಲ್ಲ.

ಕಸ್ತೂರಿ ಆರಿಸಿಕೊಂಡ ಕೇಳುಗ ಪಾತ್ರೆಗಳ ಒಳಮೈಗೆ ತವರದ ಕಲಾಯಿ ಹಾಕುವ ದಾವಲಸಾಬರು. ಹಿತ್ತಾಳೆ ಪಾತ್ರೆಗಳ ಹುಚ್ಚು ಜನರಿಗೆ ಮರಳಿದ್ದ ಕಾಲ ಅದು. ಅವಳ ವಿಷಯ ರಕ್ತನಾಳದ ಒಳಪೊರೆ. ಅದು ಸವೆದರೆ ರಕ್ತ ಹೆಪ್ಪುಗಟ್ಟುತ್ತದೆ, ಹೃದಯ ನಿಲ್ಲುತ್ತದೆ. ಹೊಸ ಪೊರೆ ಬೆಳೆಸುವ ಔಷಧವೇನೋ ಇತ್ತು, ಆದರೆ ಬೆಳೆದ ಪೊರೆ ಕೆಲವೇ ತಿಂಗಳಲ್ಲಿ ಕಳಚಿ ಬೀಳುತ್ತಿತ್ತು. ಇದನ್ನು ಅವಳು ಹೇಳಿದಳು, ಹೇಳಿದಳು. ಮೂರು ತಿಂಗಳು ದೀಪ ಹಳದಿ ಬಿಟ್ಟು ಕದಲಲಿಲ್ಲ. ದೀಪವೇ ಕೆಟ್ಟಿರಬೇಕೆಂದು ಅವಳು ಅದನ್ನು ಕುಟ್ಟಿದಾಗ ದಾವಲಸಾಬರು ನಕ್ಕಿದ್ದರು.

"ದೀಪ ಕೆಟ್ಟಿಲ್ಲವ್ವಾ, ನೀ ಹೇಳೂ ರೀತಿ ಕೆಟ್ಟೈತಿ."

"ನಿಮ್ಮ ತಲಿ ಹಿತ್ತಾಳಿ ಐತಿ ಕಾಕಾ."

"ಹಿತ್ತಾಳಿ ಆಗಿದ್ರ ಎಂದೋ ಕಲಾಯಿ ಹಾಕ್ಕೋತಿದ್ದೆ."

ನಾಳ ತೊಳೆಯುವ ಔಷಧವನ್ನು ಇಂದು ಕೊಟ್ಟು, ಪೊರೆ ಬೆಳೆಸುವ ಔಷಧವನ್ನು ಮರುದಿನ ಕೊಡುವುದು ಎಲ್ಲ ಪ್ರಯೋಗಾಲಯಗಳ ಪದ್ಧತಿ. ಮೂರನೆಯ ವರ್ಷ ಒಂದು ಸೋಮವಾರ ದಾವಲಸಾಬರು ತಮ್ಮ ಕಸುಬಿನಿಂದಲೇ ಒಂದು ಮಾತು ಕೇಳಿದ್ದರು: "ಕಿಲುಬು ತಗಿಯೂ ನವಸಾಗರ ಇವತ್ತ ಹಾಕಿ, ತವರ ನಾಳೆ ಹಚ್ಚಿದ್ರ ಹಿಡಿತೈತೇನವಾ?" ಕಸ್ತೂರಿ ಚಪ್ಪಲಿ ಅಲ್ಲೇ ಬಿಟ್ಟು ಬರಿಗಾಲಲ್ಲೇ ಪ್ರಯೋಗಾಲಯಕ್ಕೆ ಓಡಿದಳು. ಆ ವರ್ಷ ಬೆಳೆದ ಪೊರೆ ಮತ್ತೆ ಕಳಚಲಿಲ್ಲ.

ಜನರ ಮುಂದಿನ ಮಂಡನೆಗೆ ಹನ್ನೊಂದು ದಿನ ಉಳಿದಿರುವಾಗ ಅವಳು ಹೋದಳು. ಗುಡಿಯವರು ವಿಶ್ವವಿದ್ಯಾಲಯವನ್ನು ಕಾಡಿ ಬೇಡಿ, ಅದೇ ದಿನ ಅವಳ ಪರವಾಗಿ ಮಂಡಿಸಲು ಒಪ್ಪಿಗೆ ಪಡೆದರು. ಅವಕಾಶ ಒಂದೇ. ತಪ್ಪಿದರೆ ಪ್ರಬಂಧ ಕಪಾಟು ಸೇರುತ್ತಿತ್ತು, ಅವಳ ಹೆಸರೂ ಅದರೊಳಗೇ.

ಆ ದಿನ ಸಭಾಂಗಣ ತುಂಬಿತ್ತು. ಮೊದಲ ಸಾಲಿನಲ್ಲಿ ಕಸ್ತೂರಿಯ ತಾಯಿ ಶಿವಲೀಲವ್ವ. ಪಕ್ಕದಲ್ಲಿ, ದೀಪವಿದ್ದರೂ ಎಣಿಕೆಗೆ ಸೇರದ ಕೇಳುಗನ ಕುರ್ಚಿಯಲ್ಲಿ ದಾವಲಸಾಬರು. ಗುಡಿಯವರು ದೊಡ್ಡ ವಿದ್ವಾಂಸರು, ಶಿಷ್ಯೆಯ ಮೇಲೆ ಪ್ರಾಣವಿಟ್ಟವರು. ಆ ಪ್ರೀತಿಯೇ ಅವರನ್ನು ತಪ್ಪು ದಾರಿಗೆ ಎಳೆಯಿತು. ಸತ್ತವಳ ಮಾತನ್ನು ಬದಲಿಸುವುದು ಅಪಚಾರವೆಂದು ಭಾವಿಸಿ, ಅವಳು ಪರೀಕ್ಷಕರಿಗಾಗಿ ಬರೆದ ಪ್ರಬಂಧವನ್ನು ಒಂದಕ್ಷರ ಬಿಡದೆ ಓದಿದರು. ಮುಕ್ಕಾಲು ಗಂಟೆ ಕಳೆಯಿತು. ಜನ ಕಣ್ಣೊರೆಸಿಕೊಂಡು ಕೇಳಿದರು. ಹಸಿರಾದ ದೀಪ ಒಂಬತ್ತು.

ಗುಡಿಯವರು ಹಾಳೆಗಳನ್ನು ಮೇಜಿನ ಮೇಲಿಟ್ಟರು. ಅವರು ವೇದಿಕೆಯಿಂದ ಇಳಿದು ಬಂದು ದಾವಲಸಾಬರ ಮುಂದೆ ನಿಂತರು.

"ನನ್ನಿಂದ ಆಗಲಿಲ್ಲ, ಸಾಬರೇ. ಅವಳು ನಿಮಗೆ ಹೇಗೆ ಹೇಳಿದ್ದಳೋ ಹಾಗೆ ಹೇಳಿ."

ದಾವಲಸಾಬರು ಎದ್ದರು. ದಣಿದ ಗುಡಿಯವರು ಆ ತೆರವಾದ ಕುರ್ಚಿಯಲ್ಲೇ ಕುಸಿದು ಕುಳಿತರು.

ಕಸುಬಿನವನಿಗೆ ವೇದಿಕೆಯ ಭಯವಿರಲಿಲ್ಲ. ದಾವಲಸಾಬರು ಮೇಜಿನ ಮೇಲಿದ್ದ ನೀರಿನ ಹಿತ್ತಾಳೆ ತಂಬಿಗೆಯನ್ನು ಎತ್ತಿ ಹಿಡಿದು, ನಿಮ್ಮ ಎದೆಯೊಳಗಿನ ನಾಳ ಇಂಥದ್ದೇ ಎಂದರು. ಕಲಾಯಿ ಹೋದ ತಂಬಿಗೆಯಲ್ಲಿ ಮಜ್ಜಿಗೆ ಕಿಲುಬೇರುವುದು ಹೇಗೆ, ಪೊರೆ ಹೋದ ನಾಳದಲ್ಲಿ ರಕ್ತ ಕೆಡುವುದು ಹೇಗೆ ಎಂದು ವಿವರಿಸಿದರು. ಪಾತ್ರೆ ಬಿಸಿಯಿರುವಾಗಲೇ ನವಸಾಗರ ಹಾಕಬೇಕು, ಅದರ ಹೊಗೆ ಏಳುವಾಗಲೇ ತವರ ಹಚ್ಚಿ ಅರಳೆಯಿಂದ ತಿಕ್ಕಬೇಕು.

"ತಡಾ ಮಾಡಿದ್ರ ಮತ್ತ ಕಿಲುಬು ಕೂಡ್ತೈತಿ, ತವರ ಹಿಡಿಯೂದಿಲ್ಲ. ದೇಶದಾಗಿನ ಶಾಣ್ಯಾರೆಲ್ಲ ನಾಳ ಇವತ್ತ ತೊಳದು ಔಷಧ ನಾಳೆ ಹಾಕತಿದ್ರು. ನಮ್ಮ ಕಸ್ತೂರಿ ಅದ ತಾಸಿನ್ಯಾಗ ಹಾಕಿದ್ಲು. ಅಷ್ಟ."

ತಾವು ಕೇಳಿದ ಪ್ರಶ್ನೆಯ ಸುದ್ದಿಯನ್ನೇ ಅವರು ಎತ್ತಲಿಲ್ಲ.

ದೀಪಗಳು ಒಂದೊಂದಾಗಿ, ಆಮೇಲೆ ಸಾಲುಸಾಲಾಗಿ ಹಸಿರಾದವು. ಎಂಬತ್ತೇಳು. ಶಿವಲೀಲವ್ವನ ದೀಪವೂ ಅವುಗಳಲ್ಲಿತ್ತು. "ನನ್ನ ಮಗಳು ಮಾಡಿದ್ದು ಇದೇನು?" ಎಂದು ಆಕೆ ಬೆನ್ನು ನೆಟ್ಟಗೆ ಮಾಡಿ ಕುಳಿತು, ಅಕ್ಕಪಕ್ಕದವರ ಮುಖ ನೋಡಿದಳು.

ಆಗ ಯಾರೋ ಕೇಳುಗನ ಕುರ್ಚಿಯತ್ತ ಬೆರಳು ಮಾಡಿದರು. ಗುಡಿಯವರ ಹೆಬ್ಬೆರಳು ಬಿಲ್ಲೆಯ ಮೇಲಿತ್ತು, ದೀಪ ಹಸಿರಾಗಿತ್ತು. ತಿಳಿದವನಿಗೆ ತಿಳಿಯುವುದೇನೂ ಉಳಿದಿರುವುದಿಲ್ಲವೆಂದು ಆ ಕಟ್ಟಳೆ ಮಾಡಿದವರು ಮಾರ್ಗದರ್ಶಕರಿಗೆ ದೀಪವನ್ನೇ ಇಟ್ಟಿರಲಿಲ್ಲ.

ಗುಡಿಯವರು ಅದನ್ನು ಮುಚ್ಚಿಕೊಳ್ಳಲಿಲ್ಲ. ಎದ್ದು ನಿಂತು ಹೇಳಿದರು: "ಪ್ರಬಂಧದಲ್ಲಿ ಅಳತೆಯೂ ಇತ್ತು, ಹೊತ್ತೂ ಇತ್ತು. ಔಷಧದ ಅಳತೆ ಸರಿಹೋದದ್ದರಿಂದ ಪೊರೆ ನಿಂತಿತು ಎಂದುಕೊಂಡಿದ್ದೆ. ಹೊತ್ತಿನಿಂದ ನಿಂತಿತೆಂದು ಈಗ ತಿಳಿಯಿತು. ನನ್ನ ಶಿಷ್ಯೆ ನನ್ನನ್ನು ದಾಟಿ ಹೋಗಿದ್ದಾಳೆ. ಗುರುವಿಗೆ ಇದಕ್ಕಿಂತ ದೊಡ್ಡ ಹೆಮ್ಮೆ ಬೇರೆ ಇಲ್ಲ." ಮುಂದಿನ ವರ್ಷದಿಂದ ಮಾರ್ಗದರ್ಶಕರೂ ಊರವರ ನಡುವೆ ಬಿಲ್ಲೆಯ ಮೇಲೆ ಬೆರಳಿಟ್ಟು ಕುಳಿತುಕೊಳ್ಳಬೇಕೆಂಬ ಕಟ್ಟಳೆ ಬಂದಿತು. ಅದನ್ನು ತಂದವರೂ ಗುಡಿಯವರೇ.

ಅಂದು ಪದವಿಪತ್ರವನ್ನು ಶಿವಲೀಲವ್ವ ಉಡಿಯಲ್ಲಿ ಇಸಿದುಕೊಂಡಳು. ದಾವಲಸಾಬರು ತಂಬಿಗೆಯನ್ನು ಕೆಳಗಿಟ್ಟು, ಮಸಿ ಹಿಡಿದ ಅಂಗೈಗಳನ್ನು ಮೇಲೆತ್ತಿದರು. ಶಿವಲೀಲವ್ವ ಕೊರಳಿನ ಲಿಂಗವನ್ನು ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿದಳು. ದಾವಲಸಾಬರು ಬೇಡಿಕೊಂಡರು:

"ಮಾಲಿಕನೇ, ಈ ಕೂಸು ತನಗೆ ತಿಳಿದದ್ದನ್ನು ತನ್ನ ಹತ್ತಿರ ಇಟ್ಟುಕೊಳ್ಳಲಿಲ್ಲ, ಎಲ್ಲರಿಗೂ ಹಂಚಿತು. ಅದಕ್ಕೆ ನಿನ್ನ ಹತ್ತಿರ ತಂಪಾದ ಜಾಗ ಕೊಡು. ಅದರ ಆತ್ಮಕ್ಕೆ ಶಾಂತಿ ಕೊಡು."